ಎಮ್ಮೆ ನೆಕ್ಕಿದ ಲಾರಿ

ಎಮ್ಮೆ

ಮೋರಖಂಡಿಯಲ್ಲಿ ಎಮ್ಮೆಯೊಂದು ನಮ್ಮ ಲಾರಿ ನೆಕ್ಕಿತು.

ಒಬ್ಬ ರೈತನ ಅಂಗಳದಲ್ಲಿ ಉದ್ದಿನ ಚೀಲ ಹೇರುತ್ತಿದ್ದೆವು. ಎಮ್ಮೆ ಲಾರಿಯ ಕೆಳಗೆ ತಲೆ ತೂರಿಸಿ ನಿಂತಿತ್ತು. ನೆರಳಿಗೆ ಬಂದಿದೆ ಅಂದುಕೊಂಡೆ. ಹತ್ತು ಚೀಲ ಏರಿಸಿದ ಮೇಲೂ ಅಲ್ಲೇ ಇತ್ತು. ಮಗ್ಗುಲಿಗೆ ಇನ್ನೆರಡು ಬಂದು ನಿಂತವು. ನಾಲಿಗೆಯ ಸಪ್ಪಳ ಕೇಳಿಸಿತು.

ರೈತ ಬಗ್ಗಿ ನೋಡಿದ. ವಯಸ್ಸಾದವನು, ನಿಧಾನಸ್ಥ.

"ತಮ್ಮಾ, ಇದು ಏನಿಂದ ಮಾಡಿದ ಮೋಟರ್?"

"ಕಬ್ಬಿಣದ್ದು."

"ಮತ್ತ ನಮ್ಮ ಎಮ್ಮಿ ಯಾಕ ನೆಕ್ಕಾಕತ್ತಾವ? ಮನ್ಯಾಗಿನ ಹಿಂಡಿನೂ ಇಷ್ಟು ಪ್ರೀತೀಲೆ ತಿನ್ನೂದಿಲ್ಲ."

ನಾನು ಲಾರಿಯ ಕೆಳಗೆ ಹೊಕ್ಕೆ. ಲಾರಿಗೆ ಉದ್ದಕ್ಕೂ ಎರಡು ಕಬ್ಬಿಣದ ತೊಲೆ ಇರುತ್ತವೆ. ಇಂಜಿನ್ನು, ತೊಟ್ಟಿ, ಹೇರಿದ ಮಾಲು, ಎಲ್ಲ ಅದರ ಮೇಲೆಯೇ ನಿಲ್ಲುವುದು. ಚಾಸಿ ಅನ್ನುತ್ತೇವೆ. ನಮ್ಮದು ಕೆಂಪಗೆ ಹೊಸದರಂತೆ ಹೊಳೆಯುತ್ತಿತ್ತು. ನಾಲಿಗೆ ಆಡಿದಲ್ಲಿ ಆ ಕೆಂಪು ಹೋಗಿತ್ತು. ಅದು ಬಣ್ಣವಲ್ಲ, ಗೋಡೆಗೆ ಹಚ್ಚುವ ಹುರಮಂಜು. ಅದರ ಕೆಳಗೆ ತುಕ್ಕು, ಒಣಗಿದ ಈರುಳ್ಳಿಯ ಹಾಗೆ ಪದರು ಪದರು.

ಬೆರಳಿಟ್ಟು ಒತ್ತಿದೆ. ಬೆರಳು ಆಚೆ ಹೋಯಿತು.

ಆಚೆ ನಿಂತಿದ್ದ ಎಮ್ಮೆ ಅದನ್ನೂ ನೆಕ್ಕಿತು.

ಸಾವುಕಾರರು ಲಾರಿ ಕೊಂಡದ್ದು

ಲಾರಿ ಕಲ್ಯಾಣಿಯ ಸಾವುಕಾರರದು. ನಾನು ಅವರ ಡ್ರೈವರ್. ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಅನ್ನುತ್ತಿದ್ದರು. ನಿಜಾಮರ ಆಳಿಕೆ. ಹೊರಗೆ ದೊಡ್ಡ ಯುದ್ಧ ನಡೆದಿತ್ತು. ಹೊಸ ಮೋಟಾರು ಯಾರಿಗೂ ಸಿಗುತ್ತಿರಲಿಲ್ಲ. ಸೊಲ್ಲಾಪುರದಲ್ಲಿ ಓಡಿಸಿದ ಸಣ್ಣ ಲಾರಿ ಒಂದಿದೆ ಎಂದು ಸುದ್ದಿ ಬಂತು. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ತೆರೆದ ತೊಟ್ಟಿ. ಸಾವುಕಾರರು ನನ್ನನ್ನು ಕರೆದುಕೊಂಡು ಹೋದರು.

ಸಾವುಕಾರರಿಗೆ ಎತ್ತು ಆರಿಸುವುದರಲ್ಲಿ ದೊಡ್ಡ ಹೆಸರು. ಲಾರಿಯನ್ನೂ ಹಾಗೆಯೇ ಆರಿಸಿದರು. ಮೊದಲು ಸುತ್ತ ಮೂರು ಸಲ ತಿರುಗಿದರು. ಮುಂದಿನ ಮುಚ್ಚಳ ಎತ್ತಿಸಿ, ಎತ್ತಿನ ಬಾಯಿ ತೆರೆದು ಹಲ್ಲು ನೋಡುವ ಹಾಗೆ ಒಳಗೆ ನೋಡಿದರು. ಹಿಂದೆ ಹೋಗಿ ಅಂಗೈಯಿಂದ ಒಂದು ಪೆಟ್ಟು ಕೊಟ್ಟರು. ಲಾರಿ ಬೆದರಲಿಲ್ಲ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ನಡೆಸಿ ಕುಂಟುತ್ತದೆಯೇ ಎಂದು ನೋಡಿದರು. ಕುಂಟಲಿಲ್ಲ.

"ಹಾಯ್ತದೇನ್ರಿ?" ಎಂದು ಮಾರುವವನನ್ನು ಕೇಳಿದರು. ಎತ್ತು ತಿವಿಯುತ್ತದೆಯೇ ಎಂದು ಕೇಳಿ ಕೇಳಿ ಬಾಯಿಗೆ ರೂಢಿಯಾದ ಮಾತು.

ಅವನು ನಗಲಿಲ್ಲ. "ಇಲ್ರಿ, ಭಾಳ ಸಾಧು ಅದ," ಅಂದ. "ಒಂದೇ ಮಾಲು ಹೇರೀವಿ. ಜೋಪಾನ ಮಾಡೀವಿ."

ಯಾವ ಮಾಲು ಎಂದು ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಾನು, "ಕೆಳಗ ಒಮ್ಮಿ ಮಕ್ಕೊಂಡು ನೋಡ್ಲೇನ್ರಿ?" ಅಂದೆ.

"ಎತ್ತಿನ ಕೆಳಗ ಯಾರರೆ ಮಕ್ಕೊಂಡು ನೋಡ್ತಾರೇನು? ಮಾನ ಕಳೀಬ್ಯಾಡ, ಸುಮ್ನಿರು," ಅಂದರು.

ಆಮೇಲೆ ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ವ್ಯಾಪಾರ ಮುಗಿಸಿದರು. ದನದ ಸಂತೆಯಲ್ಲಿ ಹಾಗೆಯೇ. ಲಾರಿಯ ಹಣೆಗೆ ಕುಂಕುಮ ಹಚ್ಚಿ ಊರಿಗೆ ತಂದೆವು.

ಮೋರಖಂಡಿಯಿಂದ ಬಂದ ಸಂಜೆ ಎಲ್ಲವನ್ನೂ ಹೇಳಿದೆ. ಲಾರಿ ಹಿಂದೆ ಹೇರುತ್ತಿದ್ದದ್ದು ಉಪ್ಪು. ಉಪ್ಪು ಚಾಸಿಯನ್ನು ತಿಂದಿದೆ. ಮೇಲೆ ಹುರಮಂಜು ಬಳಿದು ನಮಗೆ ಕೊಟ್ಟಿದ್ದಾರೆ.

ಸಾವುಕಾರರು ಹಿಂದೆ ಹೋಗಿ ಲಾರಿಗೆ ಅಂಗೈಯಿಂದ ಇನ್ನೊಂದು ಪೆಟ್ಟು ಕೊಟ್ಟು ನೋಡಿದರು.

"ಎಮ್ಮಿಗೇನು ತಿಳೀತದ ಮೋಟರ್ ವಿಷಯ?" ಅಂದರು.

"ಎಮ್ಮಿಗೆ ತಿಳೀತ್ರಿ," ಅಂದೆ. "ತಿಳೀಲಾರದ್ದು ನಮಗ."

ಮಾಮಾ

ಸಾವುಕಾರರಿಗೆ ಹೋದದ್ದು ಲಾರಿ. ನನಗೆ ಅದಕ್ಕೂ ಮೊದಲೇ ಹೋಗಿದ್ದದ್ದು ಲಗ್ನ.

ನಮ್ಮದು ಕಮ್ಮಾರರ ಮನೆ. ನನ್ನ ಊರು ಹುಮನಾಬಾದ. ಸೋದರಮಾವನ ಕುಲುಮೆ ಕಲ್ಯಾಣಿಯ ಕೋಟೆಯ ಬದಿಗೆ. ಅವನ ಮಗಳನ್ನು ನನಗೇ ಎಂದು ಚಿಕ್ಕಂದಿನಿಂದ ಆಡಿಕೊಂಡಿದ್ದರು. ನಾನು ತಿದಿ ಬಿಟ್ಟು ಮೋಟಾರಿನ ಚಕ್ರ ಹಿಡಿದೆ. ಮಾಮಾ ಮಾತು ಹಿಂದಕ್ಕೆ ತೆಗೆದುಕೊಂಡ.

"ನಾ ಬಡೀಲಾರದ ಕಬ್ಬಿಣದ ಮ್ಯಾಲ ಕುಂತು ತಿರಗಾವಗ ಮಗಳನ್ನ ಕೊಡಂಗಿಲ್ಲ," ಅಂದ.

"ಎಲ್ಲಾರೂ ಕುಂದರ್ತಾರಲ್ರಿ ಮಾಮಾ."

"ಕುಂದರ್ಲಿ. ಅವರಿಗೆ ನಾ ಮಗಳನ್ನ ಕೊಡಾಕತ್ತಿಲ್ಲ. ಅದನ್ನ ಯಾರು ಬಡದಾರ, ಅವನ ಮಾರಿ ನೋಡೀಯೇನು ನೀ?"

ನೋಡಿರಲಿಲ್ಲ. ಒಂದು ವರ್ಷ ಅವನು ನನ್ನೊಡನೆ ಮಾತಾಡಲಿಲ್ಲ.

ಈಗ ಲಾರಿಯನ್ನು ಅವನ ಕುಲುಮೆಯ ಮುಂದೆ ಒಯ್ದು ನಿಲ್ಲಿಸಿದೆ. ಸಾವುಕಾರರು ಹೇಳಿಬಿಟ್ಟಿದ್ದರು: ಚಾಸಿ ಸರಿಯಾಗಬೇಕು, ಇಲ್ಲದಿದ್ದರೆ ಲಾರಿಯೂ ಬೇಡ, ಡ್ರೈವರನೂ ಬೇಡ. ಹೊಸ ಕಬ್ಬಿಣ ಎಲ್ಲೂ ಸಿಗುವಂತಿರಲಿಲ್ಲ. ಎಲ್ಲ ಯುದ್ಧಕ್ಕೆ ಹೋಗಿತ್ತು.

ಮಾಮಾ ಒಂದು ಮೊಳೆ ತಂದು ಚಾಸಿಗೆ ಚುಚ್ಚಿದ. ಮೊಳೆ ಒಳಗೆ ಹೋಯಿತು. ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮೂಸಿದ.

"ಇದು ಸತ್ತು ಭಾಳ ದಿನ ಆಗ್ಯಾದ," ಅಂದ. "ಮಣ್ಣು ಕೊಡೂದಷ್ಟ ಬಾಕಿ."

ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ನಕ್ಕ. ನನ್ನ ಮೇಲೆ ಪ್ರೀತಿ ಬಂತು ಅಂದುಕೊಂಡೆ. ಹಾಗಲ್ಲ. ತಾನು ಬಡಿಯದ ಕಬ್ಬಿಣ ಕೆಟ್ಟದ್ದು ನೋಡಿ ಅವನಿಗೆ ಸಂತೋಷವಾಗಿತ್ತು.

ನಾಲ್ಕು ಜೋಡಿ

ರೈತರು ಕಮ್ಮಾರನಿಗೆ ಕೆಲಸಕ್ಕೊಮ್ಮೆ ದುಡ್ಡು ಕೊಡುವ ರೂಢಿ ಇರಲಿಲ್ಲ. ವರ್ಷಕ್ಕೊಮ್ಮೆ ರಾಶಿಯ ಹೊತ್ತಿಗೆ ಜೋಳ ಕೊಡುತ್ತಿದ್ದರು. ಅದಕ್ಕೆ ಆಯ ಅನ್ನುತ್ತಿದ್ದರು. ಯಾರ ಮನೆಯಲ್ಲಿ ಎಷ್ಟು ಜೋಡಿ ಎತ್ತೋ ಅಷ್ಟು ಆಯ. ವರ್ಷವಿಡೀ ಏನು ಮುರಿದರೂ ಕಮ್ಮಾರ ಮಾಡಿಕೊಡಬೇಕು.

"ಲಾರೀನೂ ಆಯಕ್ಕ ಹಿಡೀತೀನಿ," ಎಂದು ಕುಲುಮೆಗೆ ಬಂದ ಸಾವುಕಾರರಿಗೆ ಅಂದ ಮಾಮಾ.

"ನನಗ ಹೊಲಾನ ಇಲ್ಲ ಕಮ್ಮಾರಪ್ಪಾ. ಜೋಳ ಎಲ್ಲಿಂದ ತರ್ಲಿ?" ಅಂದರು ಸಾವುಕಾರರು.

"ಅದು ನಿಮ್ಮ ವಿಚಾರ. ಎಷ್ಟು ಜೋಡಿ ಎತ್ತು ಅಂತ ಹಿಡೀಲಿ, ಅದನ್ನ ಹೇಳ್ರಿ."

"ಅದಕ್ಕ ಎತ್ತು ಎಲ್ಲಿ ಅದಾವ?"

"ಎತ್ತಿನ ಕೆಲಸ ಮಾಡ್ತದಲ್ಲ. ಎಷ್ಟು ಜೋಡೀದು ಮಾಡ್ತದ?"

ಸಾವುಕಾರರು ಲಾರಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ಏನು ಮಹಾ. ಒಂದು ಜೋಡಿ. ಅದೂ ಮುದಿ ಎತ್ತು."

"ಮೊನ್ನಿ ಚಾವಡಿ ಕಟ್ಟಿ ಮ್ಯಾಲ ಕುಂತು ಹತ್ತು ಜೋಡಿ ಅಂದಿದ್ರಿ."

ಸಾವುಕಾರರು ನನ್ನ ಕಡೆ ನೋಡಿದರು. ನಾನು ಲಾರಿಯ ಕಡೆ ನೋಡಿದೆ.

ಮಧ್ಯಾಹ್ನದವರೆಗೆ ಮಾತಾಯಿತು. ಲಾರಿಯ ಯಜಮಾನ ಲಾರಿಯನ್ನು ಹಳಿಯುವುದು, ಲಾರಿಯನ್ನು ಕಂಡರಾಗದ ಮಾಮಾ ಅದನ್ನು ಹೊಗಳುವುದು. "ಏನು ಧಿಮಾಕು ನಡೀತದ ನೋಡ್ರಿ ಅದು," ಎಂದು ಮಾಮಾ. "ಏರು ಬಂದ್ರ ಕೆಮ್ಮತದ," ಎಂದು ಸಾವುಕಾರರು. ಕಡೆಗೆ ನಾಲ್ಕು ಜೋಡಿ ಎಂದು ಮುಗಿಯಿತು.

"ನಾಲ್ಕಕ್ಕ ನಾಲ್ಕೇ," ಅಂದ ಮಾಮಾ. "ನನ್ನ ಅಂದಾಜು ತಪ್ಪೂದಿಲ್ಲ."

ಪಾಲುದಾರರು

ಕಬ್ಬಿಣಕ್ಕೆ ಮಾಮಾ ಒಂದು ದಾರಿ ಹುಡುಕಿದ. ಎತ್ತಿನ ಗಾಡಿಯ ಗಾಲಿಗೆ ಸುತ್ತ ಕಬ್ಬಿಣದ ಹಳಿ ಇರುತ್ತದೆ. ಸವೆದ ಹಳಿಗಳು ಎಲ್ಲ ರೈತರ ಹಿತ್ತಲಲ್ಲೂ ಬಿದ್ದಿದ್ದವು. ಎಲ್ಲವೂ ಅವನೇ ಬಡಿದವು. ಹೇಳಿ ಕಳಿಸಿದ. ಮೊದಲ ಹಳಿ ತಂದವನು ಮೋರಖಂಡಿಯ ಅದೇ ರೈತ.

"ನಮ್ಮ ಎಮ್ಮೀನ ನೆಕ್ಕಿ ಕೆಡಿಸ್ಯಾವ ಅಂತ ಮಾತು ಬರಬಾರದು," ಅಂದ.

ಮಾಮಾ ಹಳಿಗಳನ್ನು ಕಾಯಿಸಿ, ನೆಟ್ಟಗೆ ಮಾಡಿ, ಒಂದರ ಮೇಲೊಂದು ಬಡಿದು ಬೆಸೆದು, ಚಾಸಿಯ ನಡುವೆ ಕೆಟ್ಟಲ್ಲಿ ಕೂರಿಸಿದ. ಲಾರಿ ಮತ್ತೆ ಓಡಿತು.

ಆ ಗುರುವಾರ ಹುಮನಾಬಾದದ ಮಗ್ಗುಲ ಮಾಣಿಕನಗರದ ಗುಡಿಗೆ ಹೋಗುವ ಮಂದಿ ಹತ್ತಿದರು. ಹುಮನಾಬಾದದಲ್ಲಿ ಇಳಿಯುವಾಗ ಬಾಡಿಗೆ ಕೇಳಿದೆ.

"ಯಾತರ ಬಾಡಿಗಿ?" ಅಂದ ಮೋರಖಂಡಿ ರೈತ. "ನಮ್ಮ ಹಳಿ ಮ್ಯಾಲ ನಾವು ಕುಂತೀವಿ."

ಹಳಿ ಕೊಟ್ಟವರೆಲ್ಲ ಅದನ್ನೇ ಅಂದರು. ಕುಳಿತದ್ದೂ ಹಾಗೆಯೇ. ಹತ್ತುವ ಮೊದಲು ಪ್ರತಿಯೊಬ್ಬನೂ ಬಗ್ಗಿ ಕೆಳಗೆ ನೋಡಿ, ತನ್ನ ಹಳಿ ಎಲ್ಲಿದೆ ಎಂದು ಗುರುತು ಮಾಡಿಕೊಂಡು, ಸರಿಯಾಗಿ ಅದರ ಮೇಲೆ ಕೂರುತ್ತಿದ್ದ. ಬೇರೆಯವರ ಹಳಿಯ ಮೇಲೆ ಕೂರಲು ಯಾರಿಗೂ ಧೈರ್ಯವಿಲ್ಲ. ಒಮ್ಮೆ ಇಬ್ಬರಿಗೆ ಜಗಳ ಹತ್ತಿತು. ಇಬ್ಬರ ಹಳಿಯೂ ಒಂದರ ಮೇಲೊಂದು ಬೆಸೆದಿದ್ದವು. ಮಾಮಾನನ್ನು ಕರೆಸಿದೆವು. ಅವನು ಬಂದು ನೋಡಿ, "ಮ್ಯಾಲಿಂದು ಇವಂದು, ಕೆಳಗಿಂದು ಅವಂದು. ಹೋಗೂವಾಗ ಇವ ಕುಂದರ್ಲಿ, ಬರೂವಾಗ ಅವ," ಎಂದು ತೀರ್ಮಾನ ಮಾಡಿ ಹೋದ. ಇಬ್ಬರೂ ಒಪ್ಪಿದರು.

ಸಾವುಕಾರರಿಗೆ ಸಿಟ್ಟು ಬಂತು. "ಈ ಲಾರಿ ನಂದೋ ಊರಿಂದೋ?" ಅಂದರು.

ಮೋರಖಂಡಿ ರೈತ ಸಮಾಧಾನ ಮಾಡಿದ. "ಹಂಗ್ಯಾಕ ಅಂತೀರಿ ಸಾವ್ಕಾರ್ರ. ಇಂಜಿನ್ ಪೂರಾ ನಿಮ್ದೇ ಅದ."

ಸುತ್ತಿಗೆ

ಲಾರಿಯ ಕಾಗದ ಸಂಕ್ರಾಂತಿಗೆ ಮುಗಿಯುತ್ತಿತ್ತು. ಹುಮನಾಬಾದದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ನೋಡಿ ಸಹಿ ಹಾಕಬೇಕು. ಮಾಮಾ ಸ್ವಲ್ಪ ಮೆತ್ತಗಾಗಿದ್ದ. "ಸಾಹೇಬ್ರು ಸಹಿ ಹಾಕ್ಲಿ. ಆಮ್ಯಾಲ ಲಗ್ನದ ಮಾತು," ಅಂದ. ಸಾವುಕಾರರ ಜೊತೆ ತಾನೂ ಬರುತ್ತೇನೆಂದ. ಬೇಡವೆನ್ನಲು ಆಗಲಿಲ್ಲ. ಸುತ್ತಿಗೆ ತೆಗೆದುಕೊಂಡ. ಅದು ಬೇಡವೆಂದೆ. ಕೇಳಲಿಲ್ಲ.

ಸಾಹೇಬರ ಕೈಯಲ್ಲೂ ಒಂದು ಸುತ್ತಿಗೆ ಇತ್ತು, ಸಣ್ಣದು, ಅಕ್ಕಸಾಲಿಗರದ್ದರಂತೆ. ಚಾಸಿಗೆ ಅಲ್ಲಲ್ಲಿ ಬಡಿದು ಸಪ್ಪಳ ಕೇಳುತ್ತಿದ್ದರು. ಮುಂದಿನದೂ ಹಿಂದಿನದೂ ಕಂಪನಿಯ ಹಳೆಯ ಕಬ್ಬಿಣವೇ. ಅದರ ಮೇಲೆ ಸಾವುಕಾರರು ಹೊಸದಾಗಿ ಹುರಮಂಜು ಬಳಿಸಿದ್ದರು. ಅಲ್ಲಿ ಒಂದೊಂದು ಪೆಟ್ಟು ಹಾಕಿ ಮುಂದೆ ಹೋದರು. ನಡುವೆ ಮಾಮಾನ ಬೆಸುಗೆ ಬಂತು. ಅಲ್ಲಿ ನಿಂತರು. ಒಮ್ಮೆ ಬಡಿದರು. ಮತ್ತೊಮ್ಮೆ ಬಡಿದರು. ಕಿವಿ ಹಚ್ಚಿ ಮೂರನೆಯ ಸಲ ಬಡಿದರು.

ಮಾಮಾನಿಗೆ ತಡೆಯಲಾಗಲಿಲ್ಲ.

"ಯಾಕ್ರಿ ಸಾಹೇಬ್ರ, ಅದರ ಮ್ಯಾಲ ಯಾಕ ಅನುಮಾನ?"

"ಏ, ಯಾರು ನೀನು?"

"ಬಡದಾವ್ರಿ. ಅನುಮಾನ ಪಡೂದಿದ್ರ ಇದರ ಮ್ಯಾಲ ಪಡ್ರಿ," ಎಂದು ಮಾಮಾ ತನ್ನ ಸುತ್ತಿಗೆ ಎತ್ತಿ, ಹಿಂದಿನ ಗಾಲಿಯ ಹತ್ತಿರ ಕಂಪನಿಯ ಕಬ್ಬಿಣಕ್ಕೆ ಒಂದು ಪೆಟ್ಟು ಹಾಕಿದ.

ಗೇಣುದ್ದದ ತುಂಡು ಕಳಚಿ ಸಾಹೇಬರ ಬೂಟಿನ ಹತ್ತಿರ ಬಿತ್ತು.

ಸಾವುಕಾರರು ಇದ್ದಲ್ಲೇ ನೆಲಕ್ಕೆ ಕುಳಿತರು. ಸಾಹೇಬರು ತುಂಡನ್ನು ಎತ್ತಿಕೊಂಡರು. ಬೆರಳಿಗೆ ಹುರಮಂಜು ಹತ್ತಿತು.

"ನಿಂದು ಪಕ್ಕಾ ಅದ," ಎಂದು ಮಾಮಾನಿಗೆ ಅಂದರು. "ಕಂಪನೀದು ಕಚ್ಚಾ. ಪೂರಾ ನಿಂದೇ ಹಾಕ್ಕೊಂಡು ಬಾ. ಆಮ್ಯಾಲ ಸಹಿ."

ಕಳಚಿದಲ್ಲಿ ಹಗ್ಗ ಸುತ್ತಿ ಕಟ್ಟಿಕೊಂಡು ಲಾರಿಯನ್ನು ಹಿಂದಕ್ಕೆ ತಂದೆವು. ದಾರಿಯುದ್ದಕ್ಕೂ ನನ್ನ ಕೆಲಸ ಹೋಯಿತು, ಲಗ್ನವೂ ಹೋಯಿತು ಎಂದು ನಾನು ಎಣಿಸುತ್ತಿದ್ದೆ. ಕಲ್ಯಾಣಿಯ ಕೋಟೆ ಕಂಡಾಗ ಮಾಮಾ ಬಾಯಿ ಬಿಟ್ಟ.

"ನೋಡಿದೇನು ಅಳಿಯಾ," ಅಂದ. "ನಂದು ಕದಲ್ಲಿಲ್ಲ."

ಏರು

ಯುಗಾದಿಯವರೆಗೆ ಮಾಮಾ ಬೇರೆ ಕೆಲಸ ಹಿಡಿಯಲಿಲ್ಲ. ಆಯಕ್ಕೆ ಹಿಡಿದ ಗಾಡಿ, ಬಿಡುವಂತಿಲ್ಲ. ಸುತ್ತಲ ಊರುಗಳಲ್ಲಿ ಸವೆದ ಹಳಿ ಒಂದೂ ಉಳಿಯಲಿಲ್ಲ. ಕಂಪನಿಯ ಕಬ್ಬಿಣ ಪೂರಾ ಹೋಗಿ ಚಾಸಿಯೆಲ್ಲ ಮಾಮಾನದೇ ಆಯಿತು. ಎಲ್ಲಿ ಒಂದು ಹಳಿ ಸಾಕೋ ಅಲ್ಲಿ ಅವನು ಮೂರು ಹಾಕಿದ್ದ.

ಹುಮನಾಬಾದಕ್ಕೆ ಒಯ್ದೆ. ಊರ ಹತ್ತಿರದ ಏರಿನಲ್ಲಿ ಇಂಜಿನ್ನು ಬಹಳ ಕೆಮ್ಮಿತು, ಖಾಲಿ ಲಾರಿಯಾದದ್ದಕ್ಕೆ ಹತ್ತಿತು. ಸಾಹೇಬರು ಕೈ ಸೋಲುವವರೆಗೆ ಬಡಿದರು. ಸಹಿ ಹಾಕಿದರು. ಕಾಗದದಲ್ಲಿ ಲಾರಿಯ ತೂಕಕ್ಕೊಂದು ಖಾನೆ ಇತ್ತು. ಅಲ್ಲಿ ಹಳೆಯ ಕಾಗದದ ತೂಕವನ್ನೇ ಬರೆದರು.

ಲಗ್ನದ ಮಾತನ್ನು ಮಾಮಾ ಎತ್ತಲಿಲ್ಲ. ಅತ್ತೆ ಎತ್ತಿದಳು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಅಂದಳು: "ನಾ ಬಡೀಲಾರದ ಕಬ್ಬಿಣದ ಮ್ಯಾಲ ಕುಂದ್ರಾವಗ ಕೊಡಂಗಿಲ್ಲ ಅಂದಿದ್ರಿ. ಈಗ ಚಾಸಿಯೊಳಗ ನೀವು ಬಡೀಲಾರದ್ದು ಎಲ್ಲಿ ಅದ, ತೋರಸ್ರಿ."

ಮಾಮಾ ಹೋಗಿ ಲಾರಿಯ ಸುತ್ತ ತಿರುಗಿ ಬಂದ. ತೋರಿಸಲು ಏನೂ ಇರಲಿಲ್ಲ.

ವೈಶಾಖದಲ್ಲಿ ಮುಹೂರ್ತ. ಲಗ್ನ ಹುಮನಾಬಾದದಲ್ಲಿ, ನಮ್ಮ ಮನೆಯ ಮುಂದೆ. ಹೆಣ್ಣಿನ ಕಡೆಯವರು ಲಾರಿಯಲ್ಲಿ ಬರುವುದೆಂದಾಯಿತು. ಓಡಿಸಲು ಬೇರೆಯವರು ಇರಲಿಲ್ಲ. ಮದುಮಗ ನಾನೇ ಓಡಿಸಿದೆ. ಬಾಸಿಂಗವನ್ನು ಸಾವುಕಾರರು ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದಲ್ಲಿ ಕುಳಿತರು. ಹಿಂದೆ ಮದುಮಗಳು, ಅತ್ತೆ, ಮಾಮಾ. ಉಳಿದ ಜಾಗದಲ್ಲಿ ಪಾಲುದಾರರು, ಅವರವರ ಹಳಿಯ ಮೇಲೆ.

ಲಾರಿಯಲ್ಲಿ ಹಿಡಿಸದವರು ನಸುಕಿನಲ್ಲೇ ಗಾಡಿ ಹೂಡಿ ಹೊರಟಿದ್ದರು. ಅರ್ಧ ದಾರಿಯಲ್ಲಿ ಅವರನ್ನು ಹಿಂದೆ ಹಾಕಿದೆವು. ನಾನು ಒಂದೊಂದು ಗಾಡಿಗೆ ಒಂದೊಂದು ಸಲ ಹಾರ್ನ್ ಬಾರಿಸಿದೆ. ಮೋರಖಂಡಿ ರೈತ ತನ್ನ ಹಳಿಯ ಜಾಗವನ್ನು ತಮ್ಮನಿಗೆ ಬಿಟ್ಟು ತಾನು ಗಾಡಿ ಹೊಡೆಯುತ್ತಿದ್ದ. ಅವನಿಗೆ ಎರಡು ಸಲ ಬಾರಿಸಿದೆ.

ಊರ ಹತ್ತಿರದ ಅದೇ ಏರಿನ ನಡುವೆ ಇಂಜಿನ್ನು ನಿಂತಿತು.

ಮಾಮಾ ಮೊದಲು ಇಳಿದು ಚಾಸಿ ನೋಡಿದ.

"ಮುರದದೇನು?" ಎಂದು ಅವನೇ ಕೇಳಿ, "ಇಲ್ಲ," ಎಂದು ಅವನೇ ಹೇಳಿದ. "ಮತ್ತ ಯಾಕ ನಿಂತದ?"

"ಭಾರ್ರಿ ಮಾಮಾ," ಅಂದೆ.

"ಯಾರ ಭಾರ?"

ಹಿಂದೆ ಕುಳಿತ ಮಂದಿಯನ್ನೆಲ್ಲ ಇಳಿಸಿದೆ. ಆದರೂ ಕಾದುಹೋದ ಇಂಜಿನ್ನು ನಡು ಏರಿನಿಂದ ಎಳೆಯಲಿಲ್ಲ. ಬಿಸಿಲು ಏರುತ್ತಿತ್ತು. ಮುಹೂರ್ತಕ್ಕೆ ಹೆಚ್ಚು ಹೊತ್ತು ಇರಲಿಲ್ಲ. ಹಿಂದಿನಿಂದ ಗಾಡಿಗಳು ಒಂದೊಂದಾಗಿ ಬಂದವು. ಮೋರಖಂಡಿ ರೈತ ಇಳಿದು, ಲಾರಿಯನ್ನು ನೋಡಿ, ನನ್ನನ್ನು ನೋಡಿ, ಎತ್ತು ಬಿಚ್ಚಿದ.

ಒಂದು ಜೋಡಿ ಕಟ್ಟಿದೆವು. ಅಲುಗಲಿಲ್ಲ. ಎರಡು ಕಟ್ಟಿದೆವು. ಮೂರಕ್ಕೆ ಒಂದು ಗೇಣು ಸರಿಯಿತು. ನಾಲ್ಕನೆಯ ಜೋಡಿ ಕಟ್ಟಿದಾಗ ಲಾರಿ ನಡೆಯಿತು.

"ನಾಲ್ಕಕ್ಕ ನಾಲ್ಕೇ ಅಂತ ಆವಾಗ ಹೇಳಿದ್ದೆ," ಅಂದ ಮಾಮಾ.

ಸಾವುಕಾರರಿಗೆ ಲಾರಿ ಕೊಂಡ ಮೇಲೆ ಅವತ್ತೇ ಮೊದಲ ಸಲ ತಿಳಿದ ಕೆಲಸ ಸಿಕ್ಕಿತ್ತು. ಬಾಸಿಂಗ ಎತ್ತಿ ತೋರಿಸುತ್ತ, ಯಾವ ಎತ್ತು ಎಡಕ್ಕೆ, ಯಾವುದು ಬಲಕ್ಕೆ ಎಂದು ಕಿಟಕಿಯಿಂದ ಹೇಳುತ್ತಿದ್ದರು. ಮಂದಿ ಮತ್ತೆ ಹತ್ತಲು ನೋಡಿದರು. ಮದುಮಗಳನ್ನು ಬಿಟ್ಟು ಯಾರನ್ನೂ ಹತ್ತಿಸಲಿಲ್ಲ.

"ಗಾಡ್ಯಾಗ ಬಂದಿದ್ರ ಇಷ್ಟೊತ್ತಿಗೆ ಮುಟ್ಟತಿದ್ದಿವಿ," ಅಂದಳು ಅವಳು ಹಿಂದಿನಿಂದ. ಲಗ್ನ ಗೊತ್ತಾದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಮೋರಖಂಡಿ ರೈತ ಲಾರಿಯ ಮಗ್ಗುಲಲ್ಲಿ ಬಾರಕೋಲು ಹಿಡಿದು ನಡೆಯುತ್ತಿದ್ದ.

"ಯಾಕ ತಮ್ಮಾ, ಸುಮ್ನ ಕುಂತಿ?" ಅಂದ. "ಹಾರ್ನ್ ಬಾರಸು."

ಬಾರಿಸಿದೆ. ಎತ್ತುಗಳು ಬೆದರಿ ಓಡಿದವು. ಅದರಿಂದಲೇ ಮುಹೂರ್ತ ಸಿಕ್ಕಿತು. ನಮ್ಮ ತಲೆಯ ಮೇಲೆ ಅಕ್ಕಿಕಾಳು ಬಿತ್ತು.

ಇಂಜಿನ್ನು ಮರುವರ್ಷ ಹೋಯಿತು. ಚಾಸಿ ಮುರಿಯಲಿಲ್ಲ. ನಮ್ಮ ಹಿತ್ತಲಲ್ಲಿ ಈಗಲೂ ಇದೆ. ಅದಕ್ಕೆ ಎಮ್ಮೆ ಕಟ್ಟುತ್ತೇವೆ. ನೆಕ್ಕುವುದಿಲ್ಲ.